ನಮ್ಮನಿಯವರು ಅಂತಾರ

ವಾರದ ಆರು ದಿನ ಆ ಮನೆಯ ಹಿಂದೆ ಕೇಳುತ್ತಿದ್ದುದು ರೈಲುಗಾಲಿಗಳ ಕೀರಲು ದನಿಯೊಂದೇ. ಬ್ರಾಡ್‌ವೇ ಮೇಲೆ ಓಡಾಡುವ ರೈಲುಗಳು ದಣಿದು ಬಂದು ನಿಲ್ಲುವ ಅಂಗಳ ಅಲ್ಲೇ ಇತ್ತು. ತಿರುವಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದಂತೆ ಆಗುತ್ತಿತ್ತು. ರವಿವಾರ ಮಧ್ಯಾಹ್ನ ಮಾತ್ರ ಆ ಕೀರಲಿನ ಮೇಲೆ ಒಂದು ಸೀಟಿ ಏಳುತ್ತಿತ್ತು. ಸೀಟಿಯ ಬೆನ್ನಿಗೆ ಸಾವಿರ ಗಂಟಲುಗಳು ಒಟ್ಟಿಗೆ ಹೋ ಎಂದು ಎದ್ದು, ಅಡುಗೆಮನೆಯ ಕಿಟಕಿಯ ಗಾಜನ್ನು ಸಣ್ಣಗೆ ನಡುಗಿಸಿ, ಇಳಿದುಹೋಗುತ್ತಿದ್ದವು.

ಜಯತೀರ್ಥ ಆ ಸೀಟಿಯನ್ನು ಮೊದಲ ಸಲ ಕೇಳಿದ್ದು ೧೯೬೮ರ ಮೇ ತಿಂಗಳಲ್ಲಿ. ಧಾರವಾಡದ ಮಾಳಮಡ್ಡಿಯಿಂದ ಬ್ರಾಂಕ್ಸಿಗೆ ಬಂದು ಆಗ ಮೂರು ವಾರವಾಗಿತ್ತು. ಅವ್ವನಿಗೆ ಕಾಗದ ಬರೆಯಲು ಕೂತವನು 'ಇಲ್ಲಿ ಎಲ್ಲ ಕ್ಷೇಮ' ಎಂಬಲ್ಲಿಗೆ ನಿಂತು, ಮುಂದೆ ಏನೂ ತೋಚದೆ, ಸೀಟಿ ಬಂದ ಕಡೆಗೆ ಇಳಿದು ಹೊರಟ. ರೈಲಿನ ಅಂಗಳದ ಪಕ್ಕದಲ್ಲೇ ಬೇಲಿ, ಬೇಲಿಯ ಆಚೆ ಹುಲ್ಲು ಸವೆದು ಧೂಳೆದ್ದ ಬಯಲು. ಬಯಲಲ್ಲಿ ಮೂವತ್ತು ಜನ ಒಂದು ಚೆಂಡಿನ ಬೆನ್ನು ಹತ್ತಿದ್ದರು. ಫುಟ್‌ಬಾಲ್ ಇರಬೇಕೆಂದುಕೊಂಡ. ಆದರೆ ಅವರು ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಿದ್ದರು, ಓಡುತ್ತ ಅದನ್ನು ಕಾಲ್ಬೆರಳಿಗೆ ತಾಗಿಸಿ ಮತ್ತೆ ಕೈಗೆ ಎತ್ತಿಕೊಳ್ಳುತ್ತಿದ್ದರು. ಗೋಲಿನ ಕಂಬಗಳು ಮೇಲೆ ಆಕಾಶದವರೆಗೆ ಬೆಳೆದಿದ್ದವು.

"ಅಡ್ಡಕಟ್ಟಿಗೆಯ ಮೇಲೆ ಹೋದರೆ ಒಂದು, ಕೆಳಗೆ ಹೋದರೆ ಮೂರು," ಎಂದು ಪಕ್ಕದಲ್ಲಿದ್ದವನು ಯಾರೂ ಕೇಳದೆಯೇ ವಿವರಿಸಿದ. "ಗೇಲಿಕ್ ಫುಟ್‌ಬಾಲ್. ನಿಮ್ಮೂರಲ್ಲಿ ಇಲ್ವಾ?"

"ಇಲ್ಲ."

"ಪಾಪ," ಎಂದ ಆ ಮನುಷ್ಯ, ನಿಜವಾದ ಕನಿಕರದಿಂದ.

ಅವನು ಡಿನ್ನಿ ಲಾವೆಲ್. ಐರ್ಲೆಂಡು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಮ್ಯಾನ್‌ಹಟನ್ನಿನ ಒಂದು ದೊಡ್ಡ ಕಟ್ಟಡದ ಬಾಗಿಲು ಕಾಯುತ್ತಿದ್ದ. ವಾರವಿಡೀ ಮಂದಿಗೆ ಬಾಗಿಲು ತೆಗೆದು 'ಗುಡ್ ಮಾರ್ನಿಂಗ್' ಅನ್ನುವುದರ ಹೊರತು ಬೇರೆ ಮಾತಿಲ್ಲದವನು ರವಿವಾರ ಏಳು ದಿನದ ಮಾತನ್ನೂ ಒಮ್ಮೆಲೇ ಆಡುತ್ತಿದ್ದ. ಅವನ ತಂಡ ಕಿಲ್‌ಬ್ರಾನ್. ಅರಿಶಿಣ ಬಣ್ಣದ ಅಂಗಿಯ ಮೇಲೆ ಕಪ್ಪು ಪಟ್ಟಿ. ಅರಿಶಿಣ ಕಂಡದ್ದೇ ಜಯತೀರ್ಥನಿಗೂ ಅದೇ ತಂಡವಾಯಿತು.

ನಗರದ ನೀರು ಸರಬರಾಜು ಕಚೇರಿಯಲ್ಲಿ ಜಯತೀರ್ಥ ಡ್ರಾಫ್ಟ್ಸ್‌ಮನ್. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿ ಕೊಟ್ಟದ್ದನ್ನು ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಲ್ಲಿ ಎಳೆಯುವುದು ಅವನ ಕೆಲಸ. ಮಂದಿಯ ಗೆರೆಯ ಮೇಲೆ ಗೆರೆ. ಹಾಳೆಯ ಬಲತುದಿಯ ಚೌಕದಲ್ಲಿ ಇಂಜಿನಿಯರನ ಹೆಸರು ದೊಡ್ಡದಾಗಿ, ಎಲ್ಲಕ್ಕೂ ಕೆಳಗೆ ಇರುವೆಯಷ್ಟು ಸಣ್ಣಗೆ 'ಜೆ.ಟಿ.' ಎಂದು ಇವನ ಗುರುತು. ಅಂಥ ಕೈ ಸುಮ್ಮನೆ ಇದ್ದೀತೆ? ಒಂದು ರವಿವಾರ ಗ್ರಾಫ್ ಹಾಳೆಯಲ್ಲಿ ಬಯಲಿನ ನಕ್ಷೆ ಬರೆದುಕೊಂಡು ಹೋದ. ಗೋಲಿನಿಂದ ಒದ್ದ ಚೆಂಡು ಎಲ್ಲಿ ಬಿತ್ತೋ ಅಲ್ಲಿ ಚುಕ್ಕಿ, ನಮ್ಮವರಿಗೆ ಸಿಕ್ಕರೆ ಕಪ್ಪು, ಅವರಿಗೆ ಸಿಕ್ಕರೆ ಕೆಂಪು. ಆಟ ಮುಗಿದ ಮೇಲೆ ಬೇಲಿಯ ಬಳಿಯ ಬೆಂಚಿನಲ್ಲಿ ಎಂದಿನ ಜಗಳ ಹತ್ತಿದಾಗ, ಮೆಲ್ಲಗೆ ಹಾಳೆ ಮುಂದಿಟ್ಟ. ಅಷ್ಟು ಜನ ಐರಿಷರು ಒಮ್ಮೆಲೇ ಸುಮ್ಮನಾದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲವಂತೆ.

ಅಂದಿನಿಂದ ಅವನಿಗೆ ಬೆಂಚಿನಲ್ಲಿ ಒಂದು ಜಾಗ ಸಿಕ್ಕಿತು, ಎಡತುದಿಯಲ್ಲಿ, ಡಿನ್ನಿಯ ಪಕ್ಕಕ್ಕೆ. ಏಳು ವರ್ಷ ಆ ಜಾಗದಲ್ಲಿ ಬೇರೆ ಯಾರೂ ಕೂರಲಿಲ್ಲ. ತಂಡವನ್ನು ಆರಿಸುವ ಕಾನ್ ಹೆಗಾರ್ಟಿ, ಸಿಟಿ ಬಸ್ ಓಡಿಸುವ ದಪ್ಪ ಮನುಷ್ಯ, ಬಂದವನೇ "ಜೇ ಏನಂತಾನೆ?" ಎಂದು ಕೇಳುತ್ತಿದ್ದ. ಈ ದೇಶದಲ್ಲಿ ಜಯತೀರ್ಥನ ಮಾತಿಗೆ ನಾಲ್ಕು ಜನ ಕಾಯುತ್ತಿದ್ದ ಜಾಗ ಅದೊಂದೇ.

ಪದ್ಮಜಾ ಬಂದದ್ದು ೧೯೭೪ರ ಚಳಿಗಾಲದಲ್ಲಿ. ಊರಿಗೆ ಹೋಗಿ ಮದುವೆಯಾಗಿ, ಅವಳ ವೀಸಾ ಬರುವ ತನಕ ವರ್ಷ ಕಾದು ಕರೆಸಿಕೊಂಡಿದ್ದ. ಬಿ.ಎಸ್ಸಿ. ಓದಿದವಳು, ಕಾಲೇಜಿನಲ್ಲಿ ನಾಲ್ಕು ವರ್ಷ ಖೋ-ಖೋ ಆಡಿದವಳು. ಮಾತು ಕಡಿಮೆ. ಹಿಮವನ್ನು ಕಂಡಾಗಲೂ "ಬೆಳ್ಳಗದ" ಎಂದಷ್ಟೇ ಅಂದಿದ್ದಳು.

ಏಪ್ರಿಲ್ ಬಂತು, ಬಯಲಿನಲ್ಲಿ ಸೀಟಿ ಕೂಗಿತು. "ನಾನೂ ಬರ್ಲೇನ್ರೀ?" ಎಂದು ಕೇಳಿದಳು. ಜಯತೀರ್ಥನಿಗೆ ಹಿಗ್ಗಾಯಿತು. ತನ್ನ ಬೆಂಚು, ತನ್ನ ಹಾಳೆ, ತನ್ನ ಮಾತು ನಡೆಯುವುದನ್ನು ಹೆಂಡತಿ ನೋಡಲಿ ಎಂಬ ಆಸೆ ಯಾವ ಗಂಡನಿಗೆ ಇರುವುದಿಲ್ಲ?

ಡಿನ್ನಿ ಎದ್ದು ನಿಂತು, ಜೇಬಿನಿಂದ ಒಗೆದ ಕರವಸ್ತ್ರ ತೆಗೆದು, ಬೆಂಚಿನ ಧೂಳು ಒರೆಸಿದ. "ಕೂತ್ಕೊಳ್ಳಿ, ಮಿಸೆಸ್ ಜೇ." ಏಳು ವರ್ಷ ಅದೇ ಧೂಳಿನ ಮೇಲೆ ತಾನು ಕೂತಿದ್ದು ಜಯತೀರ್ಥನಿಗೆ ಆಗ ಸುಮ್ಮನೆ ನೆನಪಾಯಿತು, ಅಷ್ಟೆ.

ಆ ವರ್ಷ ಕಿಲ್‌ಬ್ರಾನ್‌ಗೆ ಗ್ರಹ ಸರಿ ಇರಲಿಲ್ಲ. ಮೊದಲ ನಾಲ್ಕು ಆಟಗಳಲ್ಲಿ ಮೂರು ಸೋತಿತ್ತು, ಗೆದ್ದ ಒಂದೂ ಎದುರು ತಂಡದ ಗೋಲ್‌ಕೀಪರನ ಕಣ್ಣಿಗೆ ಬಿಸಿಲು ಹೊಡೆದು ಬಂದದ್ದು. ಬೆಂಚಿನ ಜಗಳ ಕಾವೇರಿತ್ತು. ಎಲ್ಲರ ಕಣ್ಣೂ ನಡುಬಯಲಿನ ಉದ್ದನೆಯ ಫ್ರಾಂಕ್ ಮೇಲೆ. ಗೋಲಿನಿಂದ ಒದ್ದ ಪ್ರತಿ ಚೆಂಡನ್ನೂ ಅವನೇ ಮೇಲೆ ಹಾರಿ ಹಿಡಿಯಬೇಕು, ಅದು ಕಾನ್‌ನ ಲೆಕ್ಕಾಚಾರ.

"ಫ್ರಾಂಕ್‌ನನ್ನ ಕೂರಿಸು," ಎಂದ ಡಿನ್ನಿ. "ಅವನ ಮೊಣಕಾಲು ಕಳೆದ ವರ್ಷವೇ ಪೆನ್ಷನ್ ತಗೊಂಡಿದೆ."

"ಕೂರಿಸಿ ಯಾರನ್ನ ಹಾಕ್ಲಿ? ನಿನ್ನನ್ನಾ?" ಎಂದ ಕಾನ್.

"ನಾನಾದ್ರೆ ಬಾಗಿಲಾದ್ರೂ ಕಾಯ್ತೀನಿ. ನಿನ್ನ ಹಿಂದಿನ ಸಾಲು ಅದನ್ನೂ ಮಾಡ್ತಿಲ್ಲ."

"ಜೇ, ನೀನು ಹೇಳು."

ಜಯತೀರ್ಥ ಹಾಳೆ ಬಿಡಿಸಿದ. "ಇಪ್ಪತ್ತೆರಡು ಒದೆತದಲ್ಲಿ ಹದಿನೈದು ಫ್ರಾಂಕ್ ಹಿಡಿದಿದ್ದಾನೆ. ಹಾಗಾದರೆ ತಪ್ಪು ಅವನದಲ್ಲ," ಎಂದ. ಎಲ್ಲರೂ ತಲೆದೂಗಿದರು, ಯಾರಿಗೂ ಸಮಾಧಾನವಾಗಲಿಲ್ಲ. ಹೆಚ್ಚಿನ ಚುಕ್ಕಿಗಳು ಕಪ್ಪಗಿದ್ದವು, ಆದರೂ ತಂಡ ಸೋಲುತ್ತಿತ್ತು.

ಆಗ ಪದ್ಮಜಾ, ಸೆರಗನ್ನು ಕೋಟಿನ ಒಳಗೆ ಸೇರಿಸಿಕೊಳ್ಳುತ್ತ, ಶಾಲೆಯಲ್ಲಿ ಕಲಿತ ಬಿಡಿಬಿಡಿ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಮನೆಯವರು ಹೇಳ್ತಾರೆ, ಅವರು ಫ್ರಾಂಕ್‌ಗೆ ಹಿಡಿಯೋಕೆ ಬಿಡ್ತಿದ್ದಾರೆ ಅಂತ. ಅವನು ಇಳಿಯೋ ಜಾಗದಲ್ಲಿ ಇಬ್ಬರು ಕಾಯ್ತಾರೆ. ಇಳಿದ ಮೇಲೆ ಅವನು ಬಲಕ್ಕೇ ತಿರುಗ್ತಾನೆ, ಯಾವಾಗಲೂ. ಎಡಗಡೆ ಕೆಂಪು ಕೂದಲಿನ ಗಿಡ್ಡನ ಹತ್ತಿರ ಯಾರೂ ಇರೋದಿಲ್ಲ. ಅವನ ಕಾಲು ಮಾತ್ರ ಆಗಲೇ ಓಡೋಕೆ ತಯಾರಿರ್ತದೆ."

ಬೆಂಚು ಸುಮ್ಮನಾಯಿತು. ಅದು ಮೊದಲ ಹಾಳೆಯ ದಿನದ ಮೌನವೇ. ಜಯತೀರ್ಥ ಬಾಯಿ ತೆರೆದ. ಅವನು ಹಾಗೆ ಅಂದಿರಲಿಲ್ಲ. ಅಂದುಕೊಂಡೂ ಇರಲಿಲ್ಲ. ಅಷ್ಟರಲ್ಲಿ ಡಿನ್ನಿಯ ಕೈ ಅವನ ಬೆನ್ನಿಗೆ ಬಿದ್ದಿತ್ತು. "ಎಲಾ ಜೇ, ಇದನ್ನ ಮನೇಲಿ ಬಚ್ಚಿಟ್ಟಿದ್ಯಾ?"

ಮನೆಗೆ ನಡೆಯುತ್ತ ಕೇಳಿದ: "ನಾ ಯಾವಾಗ ಹಂಗ ಅಂದೆ?"

"ನೀವು ಅಂದಿಲ್ಲ."

"ಮತ್ತ?"

ಪದ್ಮಜಾಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಗಂಡಸರ ನಡುವ ನಾ ಹಿಂಗಂತೀನಿ ಅಂತ ಹೆಂಗ ಹೇಳೂದ್ರೀ? ನಮ್ಮವ್ವ ಮನಿ ಮಾರೂ ಮಾತಾದ್ರೂ 'ನಮ್ಮನಿಯವರು ಅಂತಾರ' ಅಂತನ ಹೇಳ್ತಿದ್ಲು. ನಮ್ಮಪ್ಪ ಪಾಪ ಮೂವತ್ತು ವರ್ಷದಾಗ ಏನೂ ಅಂದಿಲ್ಲ."

ಜಯತೀರ್ಥ ನಕ್ಕ. ನಕ್ಕವನು ಜೇಬಿನ ಹಾಳೆಯನ್ನು ಇನ್ನೊಂದು ಮಡಿಕೆ ಮಡಿಸಿದ.

ಮುಂದಿನ ರವಿವಾರ ಕಾನ್ ಚೆಂಡನ್ನು ಎಡಕ್ಕೆ, ಕೆಂಪು ಕೂದಲಿನ ಮಾರ್ಟಿಗೆ ಒದೆಸಿದ. ಕಿಲ್‌ಬ್ರಾನ್ ಏಳು ಪಾಯಿಂಟಿನಿಂದ ಗೆದ್ದಿತು. ಅದರ ಮುಂದಿನ ವಾರ ಪದ್ಮಜಾ, "ನಮ್ಮ ಮನೆಯವರು ಹೇಳ್ತಾರೆ, ಈಗ ಅವರು ಮಾರ್ಟಿಯನ್ನ ಕಾಯ್ತಾರೆ, ಫ್ರಾಂಕ್ ಬರೀ ಹಾರಿದ ಹಾಗೆ ಮಾಡಿ ಅವರನ್ನ ತನ್ನ ಕಡೆ ಎಳೀಲಿ," ಎಂದಳು. ಮತ್ತೆ ಗೆಲುವು. ಬೆಂಚಿನಲ್ಲಿ ಜಯತೀರ್ಥನ ಕೀರ್ತಿ ಬೆಳೆಯಿತು. ಕಾನ್ ಅವನಿಗೆ ಚಹಾ ತಂದುಕೊಟ್ಟ. ಕೊಡುವಾಗ ಮೊದಲ ಲೋಟ ಪದ್ಮಜಾಳಿಗೆ ಹೋದದ್ದನ್ನು ಜಯತೀರ್ಥ ಕಂಡ.

ಕಾಣಲು ಶುರುವಾದ ಕಣ್ಣಿಗೆ ಎಲ್ಲವೂ ಕಾಣುತ್ತದೆ. ಹಾಳೆ ಬಿಡಿಸಿದಾಗ ಡಿನ್ನಿ ಹಾಳೆಯನ್ನು ನೋಡುತ್ತ ನೋಡುತ್ತ ಅವಳ ಮುಖ ನೋಡುತ್ತಾನೆ. ಅವಳು ಬಯಲಿನ ಕಡೆ ತಲೆ ತಿರುಗಿಸಿದರೆ ಆರು ತಲೆಗಳು ಅತ್ತ ತಿರುಗುತ್ತವೆ. ಕೂದಲಿಗೆ ಮುಡಿದ ಪ್ಲಾಸ್ಟಿಕ್ ಹೂವನ್ನು ಕೂಡ ಅವಳು ರವಿವಾರವೇ ಸರಿಮಾಡಿಕೊಳ್ಳುತ್ತಾಳೆ. ಇದರಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ಕಷ್ಟ. ತಪ್ಪಿದ್ದರೆ ಜಗಳವಾಡಬಹುದಿತ್ತು.

ಹೊಗಳಿಕೆಯೆಲ್ಲ ತನಗೇ ಬರುತ್ತಿರುವಾಗ ಹೊಟ್ಟೆ ಉರಿಯುವುದು ಯಾಕೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಕಚೇರಿಯಲ್ಲಿ ಬಗ್ಗಿ ಗೆರೆ ಎಳೆಯುತ್ತಿದ್ದಾಗ ಒಂದು ದಿನ ಹಾಳೆಯ ತುದಿಯ ಚೌಕ ಕಣ್ಣಿಗೆ ಬಿತ್ತು. ಈಗ ಆ ಬೆಂಚಿನ ಚೌಕದಲ್ಲಿ ದೊಡ್ಡದಾಗಿ ಬರೆದ ಹೆಸರು ಅವನದು, ಗೆರೆ ಅವಳದು. ಮೇಲಿನ ಮಹಡಿಯ ಇಂಜಿನಿಯರುಗಳಿಗೆ ಎಂದಾದರೂ ಹೀಗೆ ಚುಚ್ಚಿತ್ತೇ? ಚುಚ್ಚಿದ್ದರೆ ಅವರು ಅಷ್ಟು ಸಲೀಸಾಗಿ ಊಟಕ್ಕೆ ಏಳುತ್ತಿರಲಿಲ್ಲ.

ಮನೆಯಲ್ಲಿ ಅವಳಿಂದ ಕಲಿಯಲು ನೋಡಿದ. "ಅದೆಲ್ಲ ನಿನಗ ಹೆಂಗ ಕಾಣಸ್ತದ?"

"ನೀವು ಚಂಡು ನೋಡ್ತೀರಿ," ಎಂದಳು ಮೆಂತ್ಯೆ ಸೊಪ್ಪು ಬಿಡಿಸುತ್ತ. "ಖೋ-ಖೋದಾಗ ಚಂಡ ಇಲ್ಲಲ್ರೀ. ಬರೇ ಕಾಲು. ಯಾರ ಕಾಲು ಯಾವ ಕಡೆ ಏಳಲಿಕ್ಕ ತಯಾರಾಗ್ಯದ, ಅಷ್ಟ ನೋಡೂದು."

ಆ ರವಿವಾರ ಅವನು ಕಾಲು ನೋಡಲು ಹೋದ. ಮೂವತ್ತು ಜನರ ಅರವತ್ತು ಕಾಲು, ಧೂಳು. ಚುಕ್ಕಿ ಹಾಕುವುದೂ ತಪ್ಪಿತು.

ಜೂನ್ ಮೊದಲ ವಾರ ಕಿಲ್‌ಬ್ರಾನ್‌ಗೆ ದೊಡ್ಡ ಆಟ. ಗೆದ್ದರೆ ಪಟ್ಟಿಯಲ್ಲಿ ಮೇಲಕ್ಕೆ, ಸೋತರೆ ಬೇಸಿಗೆ ಅರ್ಧ ಮುಗಿದಂತೆ. ಬುಧವಾರ ನಗರದ ಆ ತುದಿಯ ಬೆಲ್‌ರೋಸ್‌ನಿಂದ ಉಷಾ ಫೋನ್ ಮಾಡಿದಳು. ಮೈಸೂರಿನ ಕಡೆಯ ಹುಡುಗಿ, ಕನ್ನಡ ಕೂಟದಲ್ಲಿ ಪರಿಚಯ. ರವಿವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಂತೆ. ಫೋನ್ ಎತ್ತಿದ್ದು ಜಯತೀರ್ಥ. "ನಂಗ ಬರ್ಲಿಕ್ಕಾಗೂದಿಲ್ಲ, ಪದ್ಮಜಾ ಬರ್ತಾಳ," ಎಂದು ಅವಳನ್ನು ಕೇಳದೆಯೇ ಹೇಳಿಬಿಟ್ಟ.

"ಖಂಡಿತ ಕಳಿಸ್ಕೊಡಿ. ನಮ್ಮ ಯಜಮಾನರು ಕಾರು ತಂದು ಪಿಕಪ್ ಮಾಡ್ತಾರೆ," ಎಂದಳು ಉಷಾ.

ರವಿವಾರ ಬೆಳಿಗ್ಗೆ ಪದ್ಮಜಾ ರೇಷ್ಮೆ ಸೀರೆ ಉಟ್ಟು, ಕಿಟಕಿಯಲ್ಲಿ ನಿಂತು, ರೈಲಿನ ಅಂಗಳದ ಆಚೆ ಒಣಹಾಕಿದ ಬಟ್ಟೆಗಳನ್ನು ನೋಡಿದಳು. "ಗಾಳಿ ಬಯಲಿನ ಆಚಿನ ಪಾರ್ಕಿನ ಕಡಿಂದ ಅದ. ಇವತ್ತ ಮ್ಯಾಲೆ ಒದ್ದ ಚಂಡೆಲ್ಲ ತಿರುಗಿ ಬರ್ತಾವು. ಗಿಡ್ಡಗ ಕೆಳಗಿಂದನ ಕೊಡ್ಲಿ," ಎಂದಳು, ಯಾರಿಗೆಂದಿಲ್ಲದೆ. ಕೆಳಗೆ ಕಾರಿನ ಹಾರ್ನ್ ಆಯಿತು. ಇಳಿದುಹೋದಳು.

ಬೆಂಚಿನಲ್ಲಿ ಡಿನ್ನಿ ಕರವಸ್ತ್ರ ತೆಗೆದು, ಯಾರೂ ಇಲ್ಲದ್ದು ಕಂಡು, ಮತ್ತೆ ಮಡಿಸಿ ಜೇಬಿಗೆ ಹಾಕಿದ. "ಮಿಸೆಸ್ ಜೇ?"

"ಪೂಜೆ ಇದೆ."

ಕಾನ್ ಬಂದ. "ಜೇ ಏನಂತಾನೆ?"

ಎಷ್ಟೋ ವಾರಗಳ ಮೇಲೆ ಆ ಪ್ರಶ್ನೆ ನೇರವಾಗಿ ಅವನೊಬ್ಬನ ಕಡೆಗೆ ಬಂದಿತ್ತು. ಅವಳ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಗಾಳಿಯೂ ಕೆನ್ನೆಗೆ ತಾಗುತ್ತಿತ್ತು. ಜಯತೀರ್ಥ ಹಾಳೆ ಬಿಡಿಸಿ ಕಪ್ಪು ಚುಕ್ಕಿಗಳ ಮೇಲೆ ಬೆರಳಿಟ್ಟ. "ಎತ್ತರಕ್ಕೆ ಒದೀರಿ. ನಡುವಿಗೆ. ಫ್ರಾಂಕ್‌ಗೆ," ಎಂದ. "ಇದು ನಾನು ಹೇಳ್ತಿರೋದು."

ಕೊನೆಯ ಮಾತು ಯಾಕೆ ಬಂತೋ. ಡಿನ್ನಿ ಅವನನ್ನು ಒಂದು ಕ್ಷಣ ನೋಡಿ, ಬೇರೆ ಕಡೆ ನೋಡಿದ.

ಒದ್ದ ಚೆಂಡುಗಳು ಗಾಳಿಗೆ ಸಿಕ್ಕಿ, ಮೇಲೆ ನಿಂತು, ಮನಸ್ಸು ಬದಲಾಯಿಸಿದವರಂತೆ ಹಿಂದಕ್ಕೆ ಬಿದ್ದವು. ಹಾಳೆಯ ಒಂದು ತುದಿ ಕೆಂಪಾಯಿತು. ಎಡಗಡೆ ಮಾರ್ಟಿ ಒಬ್ಬನೇ ನಿಂತು ಕೈ ಎತ್ತಿ ಎತ್ತಿ ಸೋತು, ಸೊಂಟದ ಮೇಲೆ ಇಟ್ಟುಕೊಂಡ. ಕಿಲ್‌ಬ್ರಾನ್ ಹನ್ನೊಂದು ಪಾಯಿಂಟಿನಿಂದ ಸೋತಿತು.

ಬೈದಿದ್ದರೆ ಸರಿಹೋಗುತ್ತಿತ್ತು. ಯಾರೂ ಬೈಯಲಿಲ್ಲ. "ಗಾಳಿಗೆ ಯಾರೇನು ಮಾಡ್ತಾರೆ," ಎಂದ ಕಾನ್. ಚಹಾ ತಂದುಕೊಟ್ಟ. ಇವತ್ತು ಮೊದಲ ಲೋಟ ಜಯತೀರ್ಥನಿಗೇ ಬಂತು.

ಡಿನ್ನಿ ಮಾತ್ರ ಎಲ್ಲರೂ ಎದ್ದ ಮೇಲೆ ಉಳಿದ. "ನಮ್ಮಮ್ಮ," ಎಂದ, ಖಾಲಿ ಬಯಲನ್ನು ನೋಡುತ್ತ, "ಹಸು ಕೊಳ್ಳೋದಿರಲಿ, ಅಕ್ಕನ ಮದುವೆ ಇರಲಿ, 'ಹಿಮ್‌ಸೆಲ್ಫ್ ಹೇಳ್ತಾರೆ' ಅಂತ ಶುರುಮಾಡೋಳು. ಹಿಮ್‌ಸೆಲ್ಫ್ ಅಂದ್ರೆ ನಮ್ಮಪ್ಪ. ಅವನು ಮೂಲೇಲಿ ಕೂತು ಪೈಪು ಸೇದ್ತಾ, ತಾನು ಏನು ಹೇಳ್ದೆ ಅಂತ ಅವಳ ಬಾಯಿಂದಲೇ ತಿಳ್ಕೊಳ್ತಿದ್ದ. ಕಾನ್ ಮನೇಲೂ ಹಾಗೇ. ಈ ಬೆಂಚಲ್ಲಿ ಕೂರೋ ಎಲ್ಲರ ಮನೇಲೂ."

ಜಯತೀರ್ಥ ಲೋಟವನ್ನು ಬೆಂಚಿನ ಮೇಲಿಟ್ಟ. "ಹಾಗಾದ್ರೆ ನಿಮಗೆಲ್ಲ..."

"ಮೊದಲ ದಿನವೇ. ನಿನ್ನ ಮುಖ ನೋಡಬೇಕಿತ್ತು, ಜೇ. ನಮ್ಮಪ್ಪನ ಮುಖವೇ."

"ಯಾಕೆ ಯಾರೂ ಹೇಳಲಿಲ್ಲ?"

"ಹೇಳೋಕೆ ಏನಿದೆ? ನಿಂದು ನಿನಗೆ, ಅವಳದು ಅವಳಿಗೆ. ನಮಗೆ ಗೆಲುವಿನ ಎರಡು ಪಾಯಿಂಟು," ಎಂದು ಡಿನ್ನಿ ಟೋಪಿ ಹಾಕಿಕೊಂಡ.

ಅಂದರೆ ಅಷ್ಟು ವಾರ ಎಲ್ಲರಿಗೂ ಗೊತ್ತಿತ್ತು. ಬೆನ್ನು ತಟ್ಟಿದ ಕೈಗಳಿಗೂ ಗೊತ್ತಿತ್ತು. ಮರೆಯಲ್ಲಿ ಕೂತಿದ್ದೇನೆಂದು ತಿಳಿದವನು ತಾನೊಬ್ಬನೇ.

ಸಂಜೆ ಪದ್ಮಜಾ ಪ್ರಸಾದದ ಪೊಟ್ಟಣ ಹಿಡಿದು ಬಂದಳು. ಸಪಾದ ಭಕ್ಷ್ಯ ಅವನ ಅಂಗೈಗೆ ಹಾಕಿ, "ಏನಾತ್ರೀ?" ಎಂದಳು.

"ಸೋತ್ವಿ. ಹನ್ನೊಂದು."

"ಎತ್ತರಕ್ಕ ಒದ್ರೇನು?"

ಅವನು ಪ್ರಸಾದ ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಿಲ್ಲ. ಅವಳು ಅವನ ಕೋಟಿನ ಜೇಬಿನಿಂದ ಹಾಳೆ ತೆಗೆದು ಬಿಡಿಸಿ, ಕೆಂಪು ಚುಕ್ಕಿಗಳನ್ನು ಬಹಳ ಹೊತ್ತು ನೋಡಿದಳು. ಮತ್ತೆ ಮೊದಲಿದ್ದ ಹಾಗೆಯೇ ಮಡಿಸಿ ಇಟ್ಟಳು. "ಉಷಾನ ಮನ್ಯಾಗ ಹೆಣ್ಮಕ್ಕಳೆಲ್ಲಾ ಸೀರಿ ಮಾತಾಡಿದ್ರು," ಎಂದಷ್ಟೇ ಹೇಳಿ ರೇಷ್ಮೆ ಸೀರೆ ಬಿಚ್ಚಲು ಒಳಗೆ ಹೋದಳು.

ಮುಂದಿನ ರವಿವಾರ ಇಬ್ಬರೂ ಹೋದರು. ಸೀಟಿಗೆ ಇನ್ನೂ ಹೊತ್ತಿತ್ತು. ಡಿನ್ನಿ ಬೆಂಚು ಒರೆಸಿದ. ಈ ಸಲ ಇಬ್ಬರ ಜಾಗವನ್ನೂ ಒರೆಸಿದ. ಜಯತೀರ್ಥನಿಗೆ ಅದೂ ಚುಚ್ಚಿತು. ಗಾಳಿ ಇಲ್ಲ. ಆಟಗಾರರು ಬಯಲಿನಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು.

"ಇವತ್ತು ಸೋತರೆ ನಾನು ಬಸ್ಸಿಗೇ ಸೈ," ಎಂದ ಕಾನ್. "ಫ್ರಾಂಕ್‌ನನ್ನ ಇಡೋದೋ ಬಿಡೋದೋ?"

"ಬಿಡು," ಎಂದ ಡಿನ್ನಿ.

"ನಿನ್ನ ಕೇಳಲಿಲ್ಲ. ಮಿಸೆಸ್ ಜೇ, ನಿಮ್ಮ ಮನೆಯವರು ಏನು ಹೇಳ್ತಾರೆ?"

ಪದ್ಮಜಾ ಬಯಲನ್ನು ನೋಡುತ್ತಿದ್ದಳು. ಹೇಳುವ ಮಾತು ಅವಳ ಬಳಿ ಇತ್ತು. ಅದು ಅವಳ ಕಾಲಿನಲ್ಲೇ ಕಾಣುತ್ತಿತ್ತು: ಚಪ್ಪಲಿಯೊಳಗೆ ಎಡಗಾಲಿನ ಬೆರಳುಗಳು ಏಳಲು ತಯಾರಾದಂತೆ ನೆಲವನ್ನು ಒತ್ತಿದ್ದವು. ಜಯತೀರ್ಥ ಅದನ್ನು ಕಂಡ. ಇಷ್ಟು ವಾರಗಳಲ್ಲಿ ಅವನು ಸರಿಯಾಗಿ ಕಂಡ ಮೊದಲ ಕಾಲು ಅದು.

"ನಮ್ಮ ಮನೆಯವರು..." ಎಂದು ಶುರುಮಾಡಿದವಳು ಮಾತನ್ನು ಅಲ್ಲಿಗೇ ತಡೆದಳು. ಅವನ ಕಡೆ ತಿರುಗಲಿಲ್ಲ. "ಇವತ್ತು ಅವರು ಏನು ಹೇಳ್ತಾರೆ ಅಂತ ನನಗೆ ಗೊತ್ತಿಲ್ಲ. ಅವರನ್ನೇ ಕೇಳಿ."

ಬೆಂಚಿನವರೆಲ್ಲ ಅವನನ್ನು ನೋಡಿದರು. ಇಷ್ಟು ವಾರ ಅವನು ಬಯಸಿದ್ದು ಇದನ್ನೇ. ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಅವಳಿಗೆ ಅಷ್ಟು ಸುಲಭವಾಗಿ ಕಂಡದ್ದು ತನಗೆ ಎಷ್ಟು ಹಾಳೆ ತುಂಬಿದರೂ ಕಾಣದೆ ಹೋದುದಕ್ಕೆ, ಅವಳಿಗೆ ಆ ಬೆಂಚು ಎರಡೇ ತಿಂಗಳಿಗೆ ದಕ್ಕಿದ್ದಕ್ಕೆ, ಈಗಲೂ ಅವಳೇ ಜಾಗ ಮಾಡಿಕೊಟ್ಟು ತಾನು ಮಾತಾಡಬೇಕಾಗಿರುವುದಕ್ಕೆ, ಅದು ಉರಿಯುತ್ತಲೇ ಇತ್ತು. ದೂರದಲ್ಲಿ ಮಾರ್ಟಿ ಬಗ್ಗಿ ಬೂಟಿನ ಲಾಡಿ ಬಿಗಿಯುತ್ತಿದ್ದ.

ಜಯತೀರ್ಥ ಎದ್ದ. ಹಾಳೆಯನ್ನೂ ಎರಡು ಪೆನ್ಸಿಲ್‌ಗಳನ್ನೂ ಅವಳ ಮಡಿಲಲ್ಲಿ ಇಟ್ಟ.

"ಕಾನ್," ಎಂದ, "ನನ್ನ ಹೆಂಡತಿ ಹೇಳ್ತಾಳೆ..."

"ಏನು ಹೇಳ್ತಾಳೆ?"

"ನನ್ನ ಹೆಂಡತಿ ಹೇಳ್ತಾಳೆ, ಫ್ರಾಂಕ್ ಇರಲಿ, ಆದರೆ ಚೆಂಡು ಅವನ ಹತ್ತಿರ ಬರೋ ಮೊದಲು ಆ ಮಾರ್ಟಿ..." ಎನ್ನುತ್ತಲೇ ಜಯತೀರ್ಥ, ಮಿಕ್ಕದ್ದು ಅವಳೇ ಹೇಳಬೇಕಾದದ್ದೆಂಬಂತೆ, ಹಿಂದಿರುಗಿ ನೋಡದೆ, ಬೇಲಿಯ ಉದ್ದಕ್ಕೂ ಚಹಾದ ಗೂಡಿನ ಕಡೆಗೆ, ಮೊದಲು ಎರಡು ಹೆಜ್ಜೆ ನಿಧಾನವಾಗಿ, ಆಮೇಲೆ ಬಿರಬಿರನೆ ನಡೆದುಬಿಟ್ಟ.